ದಳವಾಯಿಯ ಕೊನೆಯ ಓಲೆ

"ಪದದಾಟದಲ್ಲಿ ನನ್ನನ್ನು ಸೋಲಿಸೋ ಗಂಡು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ!" ಎಂದು ದಳವಾಯಿ ಸಿಂಗರಸ ತುಂಬಿದ ಓಲಗದಲ್ಲಿ ಮೀಸೆ ತಿರುವಿದ.

ಗಂಡಿನ ಮಾತಿರಲಿ, ಆಗ ಅವನೆದುರು ನಿಂತಿದ್ದವಳು ಮಡಿವಾಳರ ಹೊನ್ನವ್ವ. ಕೆರೆದಂಡೆಯ ಒಗೆಯುವ ಕಲ್ಲುಗಳನ್ನು ಕೀಳಿಸಿ, ಅಲ್ಲಿ ತನ್ನ ಕುದುರೆಗಳಿಗೆ ಲಾಯ ಕಟ್ಟಿಸಬೇಕೆಂದು ದಳವಾಯಿ ದೊರೆಯನ್ನು ಕೇಳಿಕೊಂಡಿದ್ದ. ಸುದ್ದಿ ತಿಳಿದು ಹೊನ್ನವ್ವ ತನ್ನ ಕೇರಿಯ ನಾಲ್ವರನ್ನು ಕಟ್ಟಿಕೊಂಡು ಅರಮನೆಗೆ ಬಂದಿದ್ದಳು.

"ಅಜ್ಜ ಮುತ್ತಜ್ಜನ ಕಾಲದಿಂದ ಅಲ್ಲೇ ಒಗೀತಿದ್ದೀವಿ ಬುದ್ಧೀ. ಈಗ ಎಲ್ಲಿಗೆ ಹೋಗೋಣ?"

"ಅಷ್ಟು ಬೇಕಿದ್ದರೆ ಪದದಾಟದಲ್ಲಿ ನನ್ನನ್ನು ಗೆದ್ದು ಉಳಿಸಿಕೊಳ್ಳಿ," ಎಂದ ದಳವಾಯಿ.

ದೊರೆ ಬಿಲ್ಲಪ್ಪ ನಾಯಕನಿಗೆ ಈ ಆಟವೊಂದಿದ್ದರೆ ಊಟ ನಿದ್ದೆ ಬೇಡ. "ಸೈ!" ಎಂದು ತೊಡೆ ತಟ್ಟಿಬಿಟ್ಟ.

ಆಟ ಇಷ್ಟೇ. ಎದುರು ಪಕ್ಷದವರು ಓಲೆಗರಿಯ ಮೇಲೆ ಒಂದು ಪದ ಬರೆದು ಕೊಡುತ್ತಾರೆ. ಅದನ್ನು ಒಬ್ಬ ನೋಡಿ, ಆ ಪದ ಬಾಯಿಂದ ಬೀಳದ ಹಾಗೆ ಸುಳಿವು ಕೊಡಬೇಕು. ಅವನ ಕಡೆಯವರು ಪದವನ್ನು ಹೇಳಬೇಕು. ತೂತಿನ ತಾಮ್ರದ ಬಟ್ಟಲನ್ನು ನೀರಲ್ಲಿ ತೇಲಿಬಿಟ್ಟಿರುತ್ತಾರೆ. ಅದು ಮುಳುಗಿದರೆ ಓಲೆ ಹೋಯಿತು. ಒಂದೊಂದು ಪಕ್ಷಕ್ಕೆ ಐದು ಓಲೆ.

"ಸಮಸಮ ಆದರೆ ಗೆಲುವು ನನ್ನದು," ಎಂದು ದಳವಾಯಿ ಮೊದಲೇ ಸೇರಿಸಿದ.

"ನಿಮ್ಮ ಕಡೆ ಓದು ಬರುವವರು ಯಾರಮ್ಮ?" ಎಂದು ದೊರೆ ಕೇಳಿದ. "ಓದು ನಮಗೆಲ್ಲಿ ಬಂತು ಬುದ್ಧೀ," ಎಂದಳು ಹೊನ್ನವ್ವ.

ದೊರೆಗೆ ವೀಳ್ಯ ಮಡಿಸಿಕೊಡುತ್ತಿದ್ದ ಹಡಪದ ಕೇತಯ್ಯನಿಗೆ ಮರುಕವಾಯಿತು. ಅವನು ಎಲೆಯಡಿಕೆಯ ಚೀಲ ಕೆಳಗಿಟ್ಟ. "ಮಹಾಸ್ವಾಮಿ, ಅಪ್ಪಣೆಯಾದರೆ ಇವರ ಪರವಾಗಿ ಓಲೆ ನಾನು ಓದುತ್ತೇನೆ."

"ಎಲೆ ಮಡಿಸುವವನು ಓಲೆ ಓದುತ್ತಾನಂತೆ!" ಎಂದು ದಳವಾಯಿ ನಕ್ಕ. ದೊರೆ ಹೂಂ ಎಂದ.

ಮೊದಲು ದಳವಾಯಿಯ ಸರದಿ. ಕೇತಯ್ಯ ಬರೆದ ಆನೆ, ಗುರಾಣಿ, ಕೋಟೆ, ಬೆಲ್ಲ, ನಾಲ್ಕನ್ನೂ ಅವನ ಭಟರು ಪಟಪಟನೆ ಹೇಳಿಬಿಟ್ಟರು. ಐದನೆಯ ಓಲೆ ನೋಡಿ ದಳವಾಯಿ ಹುಬ್ಬು ಗಂಟಿಕ್ಕಿದ. ಅಲ್ಲಿದ್ದ ಪದ 'ಕ್ಷಮೆ'.

"ಲೋ, ತಪ್ಪು ಮಾಡಿದಾಗ ನಾನು ಏನು ಕೇಳುತ್ತೇನೆ?"

"ಬೆತ್ತ!" ಎಂದನೊಬ್ಬ ಭಟ.

"ನೀವು ಮಾಡಿದಾಗ ಅಲ್ಲವೋ! ನಾನು, ನಾನು ತಪ್ಪು ಮಾಡಿದಾಗ!"

ಭಟರು ಗಾಬರಿಯಿಂದ ಒಬ್ಬರ ಮುಖ ಒಬ್ಬರು ನೋಡಿದರು. "ತಾವು ತಪ್ಪು ಮಾಡೋದುಂಟೇ ಒಡೆಯಾ!" ಎಂದು ಒಟ್ಟಾಗಿ ಕೈಮುಗಿದರು.

ಗುಳುಂ! ಬಟ್ಟಲು ಮುಳುಗಿತು.

ಈಗ ಕೇತಯ್ಯನ ಸರದಿ. ಮೊದಲ ಓಲೆ 'ಉಪ್ಪು'. "ಹೊನ್ನವ್ವಾ, ಸಾರು ಬಾಯಿಗಿಟ್ಟ ಕೂಡಲೇ ಗಂಡ ನಿನ್ನ ಮುಖ ನೋಡಿದ ಅಂದರೆ, ಏನು ಮರೆತಿದ್ದೀಯ?"

"ಉಪ್ಪು!"

"ಬೆಳಿಗ್ಗೆ ಒಗೆದು ಹರವಿದ್ದೀಯ. ಯಾರು ಕೈಕೊಟ್ಟರೆ ಸಂಜೆಗೂ ಒಣಗಲ್ಲ?"

"ಸೂರ್ಯ!"

ಕತ್ತೆ ಬಂತು, ಕನ್ನಡಿ ಬಂತು. ನಾಲ್ಕಾದವು! ದೊರೆ ಸಿಂಹಾಸನದ ತುದಿಗೆ ಬಂದು ಕೂತಿದ್ದ. ದಳವಾಯಿಯ ಹಣೆಯಲ್ಲಿ ಬೆವರೊಡೆಯಿತು. ಅವನು ಐದನೆಯ ಓಲೆಯನ್ನು ಬೆನ್ನಹಿಂದೆ ಹಿಡಿದು ಏನೋ ಮಾಡಿ, ಮಡಚಿ ಕೊಟ್ಟ. ಬಟ್ಟಲು ನೀರಿಗಿಳಿಯಿತು.

ಕೇತಯ್ಯ ಬಿಡಿಸಿ ನೋಡಿದ. ತಿರುಗಿಸಿ ನೋಡಿದ. ಓಲೆ ಖಾಲಿ! ಒಂದಕ್ಷರವೂ ಇಲ್ಲ.

ದಳವಾಯಿಯ ಒಳಸಂಚು ಅವನಿಗೆ ಹೊಳೆಯಿತು. ತಕರಾರು ತೆಗೆದರೆ ದಳವಾಯಿ ವಾದಕ್ಕಿಳಿಯುತ್ತಾನೆ, ಅಷ್ಟರಲ್ಲಿ ಬಟ್ಟಲು ಮುಳುಗುತ್ತದೆ. ಹೊನ್ನವ್ವನ ಒರಟು ಕೈಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು. ಬಟ್ಟಲು ಆಗಲೇ ಅರ್ಧ ತುಂಬಿತ್ತು.

"ಮಹಾಸ್ವಾಮಿ, ಓಲೆಯ ಮೇಲೆ ಏನಿದೆಯೋ ಅದನ್ನು ನನ್ನ ಕಡೆಯವರು ಹೇಳಿದರೆ ಗೆದ್ದಂತೆ ತಾನೆ?"

"ಹೌದೋ, ಬೇಗ ಕೇಳು!" ಎಂದು ದೊರೆ ಚಡಪಡಿಸಿದ.

"ಹೊನ್ನವ್ವಾ, ಮೊನ್ನೆ ಕಣಿವೆಯ ಕಾಳಗ ಮುಗಿಸಿ ದಳವಾಯಿಗಳು ಬಂದರಲ್ಲ. ಅವರ ಯುದ್ಧದ ಅಂಗಿ ಒಗೆಯೋಕೆ ಬಂದದ್ದು ನಿನ್ನ ಕೈಗೇ. ಅದರ ಮೇಲೆ ರಕ್ತವೋ, ಧೂಳೋ, ಬೆವರೋ, ಏನಿತ್ತು ಹೇಳು!"

ಹೊನ್ನವ್ವ ಹಿಂದುಮುಂದು ನೋಡಲಿಲ್ಲ. "ಏನೂ ಇಲ್ಲ ಕಣಣ್ಣಾ! ಮಡಿಕೆ ಕೂಡ ಮುರಿದಿರಲಿಲ್ಲ!"

ಓಲಗವೆಲ್ಲ ಗೊಳ್ಳೆಂದಿತು.

"ತಪ್ಪು! ತಪ್ಪು ಉತ್ತರ!" ಎಂದು ದಳವಾಯಿ ಕೂಗಾಡಿದ.

"ಹೌದೆ? ಹಾಗಾದರೆ ಸರಿಯುತ್ತರವನ್ನು ತಾವೇ ಓದಿ ಹೇಳಿ," ಎಂದು ಕೇತಯ್ಯ ಓಲೆಯನ್ನು ಅವನ ಮುಂದೆ ಹಿಡಿದ.

ದಳವಾಯಿ ಓಲೆಯನ್ನು ಮುಟ್ಟದೆ ಹಿಂದೆ ಸರಿದ. ದೊರೆಯೇ ಓಲೆಯನ್ನು ಈಸಿಕೊಂಡು ಆ ಬದಿ ಈ ಬದಿ ನೋಡಿದ.

"ದಳವಾಯಿಗಳೇ, ನೀವು ಇದರ ಮೇಲೆ ಬರೆದದ್ದೇನು?"

"ಏ... ಏನೂ ಇಲ್ಲ ಮಹಾಸ್ವಾಮಿ."

"ಮತ್ತೆ ಆ ಹೆಂಗಸು ಹೇಳಿದ್ದೂ ಅದೇ ಅಲ್ಲವೆ? ಐದಾಯಿತು! ಕಲ್ಲು ಅವಳವು, ದಂಡೆ ಅವಳದು!" ಎಂದ ದೊರೆ. ಹೊನ್ನವ್ವ ಅಲ್ಲೇ ಕುಕ್ಕರಿಸಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೊರೆಯ ನಗು ಮಾತ್ರ ಅರ್ಧಕ್ಕೇ ನಿಂತಿತು. "ಅದಿರಲಿ, ಅಂಗಿಯ ಮಡಿಕೆ ಮುರಿಯದೆ ಕಾಳಗ ಗೆದ್ದದ್ದು ಹೇಗೆ?"

ದಳವಾಯಿ ಕೈ ಜೋಡಿಸಿದ. "ನಾನು... ನಾನು ಸ್ವಲ್ಪ ದೂರದಲ್ಲಿ ನಿಂತು ಸೈನ್ಯ ನಡೆಸಿದೆ ಮಹಾಸ್ವಾಮಿ. ಗುಡ್ಡದ ಆಚೆಯಿಂದ."

ಕೇತಯ್ಯ ಚೀಲ ಹೆಗಲಿಗೇರಿಸಿ, ಒಂದು ವೀಳ್ಯ ಮಡಿಸಿ ದೊರೆಯ ಕೈಗಿಟ್ಟ. "ನಿಜವಿದ್ದೀತು ಮಹಾಸ್ವಾಮಿ. ಇವರ ಶೌರ್ಯವನ್ನು ಹಗುರ ಮಾಡಬಾರದು. ಶತ್ರುಗಳ ಬಾಣವೇ ಮುಟ್ಟಲಾರದಷ್ಟು ದೂರಕ್ಕೆ ಇವರೊಬ್ಬರೇ ನುಗ್ಗಿದ್ದಾರೆ!"

ದೊರೆ ಎಷ್ಟು ನಕ್ಕನೆಂದರೆ ಬಾಯಲ್ಲಿದ್ದ ವೀಳ್ಯ ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಕೆಮ್ಮುತ್ತಲೇ ತನ್ನ ಜರಿಯ ಶಾಲನ್ನು ತೆಗೆದು ಕೇತಯ್ಯನ ಹೆಗಲಿಗೆ ಹೊದಿಸಿದ.