ಬ್ರೇಕಿಗೆ ಹಚ್ಚಿದ ತುಪ್ಪ

ಬೋಳು ಗುಡ್ಡದ ನೆತ್ತಿಯ ಮೇಲೊಂದು ಮಠ. ಮಠದಲ್ಲಿ ಒಬ್ಬರು ಅಜ್ಜಾರು, ಅವರಿಗೊಬ್ಬ ಶಿಷ್ಯ, ಕಲ್ಲಿನಾಥ. ಇಷ್ಟೇ ಆಗಿದ್ದರೆ ಹೇಳುವಂಥದ್ದೇನೂ ಇರಲಿಲ್ಲ. ಆದರೆ ಆ ಮಠದಲ್ಲಿ ಒಂದು ಸೈಕಲ್ ಕೂಡ ಇತ್ತು.

ಅದು ಹಾಲಿನ ಕ್ಯಾನು ನೇತುಹಾಕುವ ಸೈಕಲ್ ಅಲ್ಲ. ಗುಡ್ಡ ಇಳಿಯುವುದಕ್ಕೆಂದೇ ಮಾಡಿದ್ದು. ದಪ್ಪ ಟಯರು, ಅಗಲ ಹ್ಯಾಂಡಲ್ಲು, ಮುಂದೊಂದು ಹಿಂದೊಂದು ಸ್ಪ್ರಿಂಗು. ಎಂದೋ ಪರವೂರಿನವನೊಬ್ಬ ಅದರಿಂದ ಬಿದ್ದು ಭುಜ ಮುರಿದುಕೊಂಡಿದ್ದ. ಅಜ್ಜಾರು ಆರೈಕೆ ಮಾಡಿ ಎಬ್ಬಿಸಿದರು. ಹೋಗುವಾಗ ಅವನು ಸೈಕಲ್ಲನ್ನು ಅವರ ಪಾದದ ಬಳಿ ಇಟ್ಟು ಕೈಮುಗಿದು ಹೋದ.

ಸ್ವಾಮಿಗಳಿಗೆ ಸೈಕಲ್ ಯಾಕಪ್ಪಾ ಎಂದು ಕೆಳಗಿನ ಊರಿನವರು ನಕ್ಕರು. ಅಜ್ಜಾರು ಕಾವಿ ಲುಂಗಿ ಎತ್ತಿ ಕಟ್ಟಿ, ಅದನ್ನೇರಿ ಕಲ್ಲುದಾರಿಯಲ್ಲಿ ಇಳಿದೇಬಿಟ್ಟರು. ನಗುತ್ತಿದ್ದವರು ಬಾಯಿ ಮುಚ್ಚುವುದನ್ನು ಮರೆತರು.

ಗುಡ್ಡದ ಬುಡದಲ್ಲಿ ಹೊಳೆ. ಹೊಳೆಯ ದಂಡೆಗೆ ಅಜ್ಜಾರ ಗುರುಗಳ ಸಮಾಧಿ, ಗದ್ದುಗೆ. ಪ್ರತಿ ಅಮಾವಾಸ್ಯೆ ಸೈಕಲ್ ಮೇಲೆ ಇಳಿದುಹೋಗಿ, ಗದ್ದುಗೆಗೆ ಹಣೆ ಹಚ್ಚಿ, ಸೈಕಲ್ಲನ್ನೇ ಊರುಗೋಲು ಮಾಡಿಕೊಂಡು ಮೆಲ್ಲಗೆ ಹತ್ತಿ ಬರುತ್ತಿದ್ದರು. ಅವರ ಮೊಣಕಾಲು ಹತ್ತುವುದಕ್ಕೆ ಒಪ್ಪುತ್ತಿದ್ದವು, ಇಳಿಯುವುದಕ್ಕೆ ಒಪ್ಪುತ್ತಿರಲಿಲ್ಲ.

ಈಚೆಗೆ ಬೆರಳುಗಳೂ ತಕರಾರು ತೆಗೆದಿದ್ದವು. ಗಂಟುಗಳು ಬಾತು, ಹಿಡಿತ ಹೋಗಿತ್ತು. ಸೈಕಲ್ಲಿನದು ಹಳೆಯ ತಂತಿ ಬ್ರೇಕು. ಮುಷ್ಟಿ ಬಿಗಿದು ಹಿಂಡಿದರೆ ಮಾತ್ರ ರಬ್ಬರು ಗಾಲಿಯನ್ನು ಕಚ್ಚುತ್ತಿತ್ತು. ಅಜ್ಜಾರು ಇಳಿಯುವುದು ನಿಂತಿತು. ಊಟವೂ ಕಡಿಮೆಯಾಯಿತು. ಸಂಜೆ ಅಂಚಿನ ಬಂಡೆಯ ಮೇಲೆ ಕೂತು ಹೊಳೆಯನ್ನು ನೋಡುವರು. ಅವರು ಹಾಗೆ ಕೂತದ್ದನ್ನು ಕಲ್ಲಿನಾಥ ದಿನವೂ ನೋಡುತ್ತಿದ್ದ.

"ಕುರ್ಚ್ಯಾಗ ಕುಂದ್ರಿಸಿ ನಾವ ಹೊತ್ಕೊಂಡು ಹೋಗ್ತೀವ್ರಿ ಅಜ್ಜಾರ," ಎಂದ ಒಮ್ಮೆ.

"ಕುಂದ್ರಿಸಿ ಹೊತ್ಕೊಂಡು ಹೋಗೂದು ಒಂದ ಸಲ, ತಮ್ಮಾ. ಅದಕ್ಕ ಇನ್ನೂ ಅವಸರ ಇಲ್ಲ."

ಅವರಲ್ಲಿ ಸತ್ತವರನ್ನು ಕೂರಿಸಿಯೇ ಒಯ್ಯುವ ರೂಢಿ.

ಕಲ್ಲಿನಾಥ ಪೇಟೆಗೆ ಹೋಗಿ ಸೈಕಲ್ ಅಂಗಡಿಯ ಖಾಜಾ ಸಾಹೇಬರ ಮುಂದೆ ನಿಂತ.

"ಒಂದ ಬೆರಳಿಗೆ ನಿಲ್ಲೂವಂಥಾ ಬ್ರೇಕ್ ಐತೇನ್ರಿ ಸಾಹೇಬ್ರ?"

"ಐತಿ. ಆದ್ರ ಗಾಲಿನೂ ಬದಲಿ ಮಾಡಬೇಕಾಗ್ತೈತಿ. ನಿಮ್ಮ ಹಳೇ ಗಾಲ್ಯಾಗ ಇದರ ತಟ್ಟಿ ಕೂಡ್ರಾಕ ಜಾಗಾ ಇಲ್ಲ."

ಸಾಹೇಬರು ತೋರಿಸಿದರು. ಗಾಲಿಯ ನಡುವೆ ತೆಳ್ಳನೆಯ ಉಕ್ಕಿನ ತಟ್ಟೆ. ಅದರ ಆಚೀಚೆ ಬಿಲ್ಲೆಯಂಥ ಎರಡು ಪ್ಯಾಡು. ಹಿಡಿಯನ್ನು ಒತ್ತಿದರೆ ಪೈಪಿನೊಳಗಿನ ಎಣ್ಣೆ ಪ್ಯಾಡುಗಳನ್ನು ನೂಕುತ್ತದೆ, ಪ್ಯಾಡುಗಳು ತಟ್ಟೆಯನ್ನು ಹಿಡಿಯುತ್ತವೆ, ಗಾಲಿ ನಿಲ್ಲುತ್ತದೆ. ಕಲ್ಲಿನಾಥ ಬೆರಳಿಟ್ಟು ಒತ್ತಿ ನೋಡಿದ. ಬೆಣ್ಣೆ ಒತ್ತಿದಷ್ಟು ಹಗುರ.

"ಅಜ್ಜಾರಿಗೆ ನನ್ನ ಸೇವಾ ಅಂತ ಹೇಳು," ಎಂದು ಸಾಹೇಬರು ಸಾಮಾನನ್ನೆಲ್ಲ ಗೋಣಿಯಲ್ಲಿ ಕಟ್ಟಿಕೊಟ್ಟರು. ಕೂರಿಸುವ ರೀತಿಯನ್ನೂ ಕಲಿಸಿದರು.

ಮಠದ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಕಲ್ಲಿನಾಥ ಕೆಲಸಕ್ಕೆ ಕೂತ. ಚೌಕಟ್ಟು ಹಳೆಯದು, ಗಾಲಿ ಬ್ರೇಕು ಹೊಸವು. ಅಜ್ಜಾರು ಹೊಸ ಗಾಲಿಯನ್ನು ಒಮ್ಮೆ ತಿರುಗಿಸಿದರು. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು.

"ಭಾಳ ಜೋರ ಉಳ್ಳತಾವ್ರಿ ಅಜ್ಜಾರ ಇವು," ಎಂದ ಕಲ್ಲಿನಾಥ. ಅವನ ದನಿಯಲ್ಲಿ ಹೆಮ್ಮೆಗಿಂತ ಹೆದರಿಕೆ ಹೆಚ್ಚಿತ್ತು.

"ಉಳ್ಳಲಿಕ್ಕ ಅಲ್ಲೇನೋ ಗಾಲಿ ಇರೂದು?"

"ಹಳೇವನ್ನ ಏನ್ ಮಾಡ್ಲಿರಿ?"

"ಅವಕ್ಕ ಅವರಿಕಾಯಿ ಬಳ್ಳಿ ಹಬ್ಬಸು. ಅವೂ ಒಂದಿಷ್ಟು ಸುಮ್ಮನ ನಿಂತು ನೋಡ್ಲಿ."

ಅಮಾವಾಸ್ಯೆಯ ಬೆಳಗು ಬಂತು. ಕಲ್ಲಿನಾಥನಿಗೆ ಅಜ್ಜಾರನ್ನು ಬಿಟ್ಟರೆ ಹಿಂದಿಲ್ಲ ಮುಂದಿಲ್ಲ. ಅವರು ಗದ್ದುಗೆ ನೋಡಬೇಕೆಂಬ ಆಸೆ ಅವನದೇ, ಅವರು ಇಳಿಯುತ್ತಾರಲ್ಲ ಎಂಬ ದಿಗಿಲೂ ಅವನದೇ. ಆ ದಿಗಿಲಿಗೆ ಅವನಿಗೆ ಗೊತ್ತಿದ್ದದ್ದು ಒಂದೇ ಮದ್ದು, ಪೂಜೆ.

ಮಿಂದು ಮಡಿಯುಟ್ಟು ಬಂದ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಚೌಕಟ್ಟಿಗೆ ವಿಭೂತಿ ಎಳೆದ. ಹ್ಯಾಂಡಲ್ಲಿಗೆ ಸೇವಂತಿಗೆ ಸುತ್ತಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಅಜ್ಜಾರ ಜೀವ ಕಾಯುವುದು ಆ ಹೊಳೆಯುವ ತಟ್ಟೆಯಲ್ಲವೇ? ಅದಕ್ಕೆ ಬರೀ ಕುಂಕುಮ ಸಾಲದು ಎನಿಸಿತು. ದೀಪಕ್ಕಿಟ್ಟಿದ್ದ ಆಕಳ ತುಪ್ಪ ತಂದ. ಮುಂದಿನ ತಟ್ಟೆಗೂ ಹಿಂದಿನದಕ್ಕೂ, ನಮ್ಮ ಅಜ್ಜಾರನ್ನ ಕಾಯಪ್ಪಾ ಎನ್ನುತ್ತ, ಕಣ್ಣು ಮುಚ್ಚಿ ಧಾರಾಳವಾಗಿ ಸವರಿದ.

ಅಜ್ಜಾರು ಬಂದು ಸೈಕಲ್ ಏರಿದರು. ದಾರಿಗಿಳಿಯುವ ಮೊದಲು ಅಂಗಳದಲ್ಲಿ ಒಂದು ಸುತ್ತು ಉರುಳಿಸಿ ನೋಡುವುದು ಅವರ ಪದ್ಧತಿ. ಉರುಳಿಸಿದರು. ಒಂದು ಬೆರಳಿನಿಂದ ಬ್ರೇಕು ಒತ್ತಿದರು. ಸೈಕಲ್ ನಿಲ್ಲಲಿಲ್ಲ. ಎಲ್ಲ ಬೆರಳಿನಿಂದ ಒತ್ತಿದರು. ಅದು ಹೋಗಿ ಬಿಲ್ವಪತ್ರೆ ಮರದ ಕಟ್ಟೆಗೆ ಗುದ್ದಿತು. ಅಜ್ಜಾರು ನೆಲದ ಮೇಲೆ ಕೂತರು.

ಕಲ್ಲಿನಾಥ ಓಡಿಬಂದ.

ಅಜ್ಜಾರಿಗೆ ಏನೂ ಆಗಿರಲಿಲ್ಲ. ಅವರು ಬೆರಳಿನಿಂದ ತಟ್ಟೆಯನ್ನು ಒರೆಸಿ, ಮೂಸಿ, ನಾಲಿಗೆಗೆ ಹಚ್ಚಿ ನೋಡಿದರು.

"ಆಕಳ ತುಪ್ಪ. ಯಾಕೋ ತಮ್ಮಾ, ಇದಕ್ಕ ಹಸಿವಾಗಿತ್ತೇನು?"

ಕಲ್ಲಿನಾಥನಿಗೆ ಆಗ ತಿಳಿಯಿತು. ಅವರ ಪಕ್ಕದಲ್ಲೇ ಕೂತ.

"ಪೂಜಿ ಮಾಡಿದ್ನಿರಿ ಅಜ್ಜಾರ. ನಿಮಗ ಏನೂ ಆಗಬಾರ್ದು ಅಂತ. ಇದು ಅಂಗಳದಾಗ ಆತು. ಗುಡ್ಡದ ಮ್ಯಾಲ ಆಗಿದ್ರ? ನನ್ನ ಕೈಯಾರೆ ನಿಮ್ಮನ್ನ..." ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಾರು ಅವನ ತಲೆ ಸವರಿದರು. ತುಪ್ಪದ ಕೈಯಲ್ಲೇ ಸವರಿದರು.

"ಅಳೂದು ಆಮ್ಯಾಲ. ಮೊದಲ ಪ್ಯಾಡ್ ಬಿಚ್ಚು."

ಮಠದಲ್ಲಿ ಆರದೆ ಉರಿಯುವ ಧುನಿಯ ಬೆಂಕಿ ಇತ್ತು. ಅಜ್ಜಾರು ಪ್ಯಾಡುಗಳನ್ನು ಚಿಮಟದಲ್ಲಿ ಹಿಡಿದು ಕೆಂಡದ ಮೇಲೆ ತೋರಿಸಿದರು. ತುಪ್ಪ ಚುಂಯ್ ಎಂದು ಹೊಗೆಯಾಗಿ ಎದ್ದಿತು.

"ದೇವರಿಗೆ ಅಂತ ತಂದಿದ್ದಿ. ದೇವರಿಗೇ ಮುಟ್ಟಿತು ನೋಡು."

ಕಲ್ಲಿನಾಥ ಕಣ್ಣೊರೆಸಿಕೊಂಡು, ಅಂಟುವಾಳದ ನೊರೆಯಲ್ಲಿ ಬೂದಿ ಕಲಸಿ, ತಟ್ಟೆಗಳನ್ನು ತಿಕ್ಕತೊಡಗಿದ. ತಿಕ್ಕುತ್ತ ತಿಕ್ಕುತ್ತ ಅವನೊಳಗಿನ ಶಿಷ್ಯ ಎದ್ದು ಕೂತ.

"ಅಜ್ಜಾರ, ಪೈಪಿನಾಗೂ ಎಣ್ಣಿನ ಐತಿ. ಅದು ಹಿಡಸ್ತೈತಿ. ನನ್ನ ತುಪ್ಪ ಜಾರಿಸ್ತು. ಯಾಕ್ರಿ?"

"ಅದು ಒಳಗೈತಿ."

ಕಲ್ಲಿನಾಥ ಕೈ ನಿಲ್ಲಿಸಿದ. "ಅಂದ್ರ ಭಕ್ತಿನೂ ಹಂಗ ಒಳಗ..."

"ನಾ ಬ್ರೇಕಿನ ಮಾತು ಹೇಳಾಕತ್ತೀನಿ. ತಿಕ್ಕು."

ಪ್ಯಾಡುಗಳನ್ನು ಕಲ್ಲಿಗೆ ಉಜ್ಜಿ ಮತ್ತೆ ಕೂರಿಸಿದರು. ಹೊಸ ಬ್ರೇಕು ಪಳಗಲಿ ಎಂದು ಅಜ್ಜಾರು ಕಲ್ಲಿನಾಥನನ್ನೇ ಸೈಕಲ್ ಹತ್ತಿಸಿದರು. ಓಡಿಸು, ಹಿಡಿ, ಓಡಿಸು, ಹಿಡಿ. ಮೊದಮೊದಲು ಅದು ಕೀಚೆಂದು ರಂಪ ಮಾಡಿತು. ಬರುಬರುತ್ತ ಸದ್ದಡಗಿ, ಹಿಡಿದಲ್ಲಿ ಗಕ್ಕನೆ ನಿಲ್ಲತೊಡಗಿತು. ಕಲ್ಲಿನಾಥನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಆಮೇಲೆ ಅಜ್ಜಾರು ಏರಿದರು. ಉರುಳಿಸಿದರು. ಬಾತ ಬೆರಳೊಂದನ್ನು ಹಿಡಿಯ ಮೇಲಿಟ್ಟು ಮೆಲ್ಲಗೆ ಒತ್ತಿದರು. ಸೈಕಲ್ ನಿಂತಿತು.

ಅವರು ಆ ಬೆರಳನ್ನು ಎತ್ತಿ ಹಿಡಿದು ಮಗುವಿನಂತೆ ನಕ್ಕರು. "ಇನ್ನೂ ನನ್ನ ಮಾತು ಕೇಳಾವ್ರು ಅದಾರಲ್ಲೋ!"

ಅವರು ಹಾಗೆ ನಕ್ಕದ್ದನ್ನು ಕಲ್ಲಿನಾಥ ನೋಡದೆ ಬಹಳ ದಿನವಾಗಿತ್ತು. ಅವನಿಗೂ ನಗು ಬಂತು, ಅದರ ಬೆನ್ನಿಗೇ ಕಣ್ಣೂ ತುಂಬಿದವು.

ಇಬ್ಬರೂ ಅಂಚಿಗೆ ಬಂದರು. ಕೆಳಗೆ ಕಲ್ಲುದಾರಿ, ದಾರಿಯ ಕೊನೆಗೆ ಹೊಳೆ, ದಂಡೆಯ ಮೇಲೆ ಸುಣ್ಣ ಬಳಿದ ಗದ್ದುಗೆ. ಅಜ್ಜಾರು ಲುಂಗಿ ಎತ್ತಿ ಕಟ್ಟಿ ಸೈಕಲ್ ಮೇಲೆ ಕೂತರು.

"ಹೊಂಡ್ಲೇನೋ?"

"ಹೂನ್ರಿ ಅಜ್ಜಾರ."

ಅಜ್ಜಾರು ಮುಂದಿನ ಬ್ರೇಕು ಸಡಿಲಿಸಿದರು. ಹಿಂದಿನದನ್ನೂ ಸಡಿಲಿಸಿದರು. ಸೈಕಲ್ ಅಲ್ಲಾಡಲಿಲ್ಲ. ಕಾಲಿನಿಂದ ನೆಲ ನೂಕಿದರು. ಆದರೂ ಅಲ್ಲಾಡಲಿಲ್ಲ.

ತಿರುಗಿ ನೋಡಿದರು. ಕಲ್ಲಿನಾಥ ಎರಡೂ ಕೈಯಿಂದ ಸೀಟನ್ನು ಅವುಚಿ ಹಿಡಿದು ನಿಂತಿದ್ದ. ಹಿಡಿದದ್ದು ಅವನಿಗೇ ಗೊತ್ತಿರಲಿಲ್ಲ.

"ಅಂಜಿಕಿ ಬರ್ತೈತ್ರಿ ಅಜ್ಜಾರ," ಎಂದ. "ನಿಮ್ಮನ್ನ ಬಿಟ್ರ ನನಗ ಯಾರದಾರ್ರಿ?"

ಅಜ್ಜಾರು ಬಾತ ಕೈಯನ್ನು ಹಿಂದೆ ಚಾಚಿ ಅವನ ಕೈಗಳ ಮೇಲಿಟ್ಟರು.

"ನೀ ಹಾಕಿದ ಎರಡೂ ಬ್ರೇಕ್ ಚಲೋ ಅದಾವ, ತಮ್ಮಾ. ಈ ಮೂರನೇದನ್ನ ನೀನ ಬಿಚ್ಚಬೇಕು."