ಪುಟ್ಟ ಹಸ್ಕಿಯ ತುಪ್ಪಳ ಉದುರಲು ಕಲಿತದ್ದು

ಲೋಕ ಹೊಸದಾಗಿದ್ದ ಕಾಲ ಅದು. ಬೆಟ್ಟಗಳು ಆಗಷ್ಟೇ ತಮ್ಮ ತಮ್ಮ ಜಾಗ ಹಿಡಿದು ಕೂತಿದ್ದವು. ಸೂರ್ಯನಿಗೆ ಇನ್ನೂ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಉತ್ತರದ ಹಿಮದ ನಾಡಿಗೆ ಅವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಆಗ ನಾಯಿಗಳ ಮೈಮೇಲಿನ ತುಪ್ಪಳ ಉದುರುತ್ತಲೇ ಇರಲಿಲ್ಲ. "ಇವರನ್ನು ಬೆಚ್ಚಗಿಡು, ಬಿಡಬೇಡ" ಎಂದು ಲೋಕ ಮಾಡಿದವರು ಅದಕ್ಕೆ ಹೇಳಿದ್ದರು. ಅದು ಬಿಟ್ಟಿರಲಿಲ್ಲ. ಒಂದೇ ಒಂದು ಎಳೆಯನ್ನೂ ಬಿಟ್ಟಿರಲಿಲ್ಲ.

ಆ ನಾಡಿನಲ್ಲಿ ಮಿಕಿ ಎಂಬ ಹೆಣ್ಣು ಹಸ್ಕಿ ನಾಯಿ ಇದ್ದಳು. ಅವಳ ಅಣ್ಣತಮ್ಮಂದಿರೆಲ್ಲ ತೋಳದಷ್ಟು ಬೆಳೆದು ಹಿಮದ ಮೇಲೆ ಜಾರುಬಂಡಿ ಎಳೆಯುತ್ತಿದ್ದರು. ಮಿಕಿ ಮಾತ್ರ ಬೆಕ್ಕಿಗಿಂತ ಒಂಚೂರು ದೊಡ್ಡವಳು, ಅಷ್ಟೇ. ಬಂಡಿಯ ಹಗ್ಗ ಕಟ್ಟಿದರೆ ಕೊರಳಿನಿಂದ ಜಾರಿ ಬೀಳುತ್ತಿತ್ತು. ಹಾಗಾಗಿ ಅವಳು ಮನೆಯಲ್ಲೇ ಇರುತ್ತಿದ್ದಳು. ಹಿಮದ ಇಟ್ಟಿಗೆ ಜೋಡಿಸಿ ಕಟ್ಟಿದ ಗುಂಡನೆಯ ಮನೆ. ಅದರಲ್ಲಿ ತಪೀಸಾ ಎಂಬ ಹೆಂಗಸು, ಅವಳ ಕೂಸು ನೂಕಾ, ಕೂಸಿನ ಅಪ್ಪ.

ಸೀಲ್ ಎಂಬ ಕಡಲಪ್ರಾಣಿಯ ಕೊಬ್ಬಿನ ಎಣ್ಣೆಯ ದೀಪವೇ ಆ ಮನೆಗೆ ಬೆಳಕು, ಅದೇ ಬೆಂಕಿ. ಎಣ್ಣೆ ಮುಗಿಯುತ್ತಾ ಬಂದಾಗ ಅಪ್ಪ ದೊಡ್ಡ ನಾಯಿಗಳನ್ನು ಬಂಡಿಗೆ ಕಟ್ಟಿ ಕಡಲ ಕಡೆ ಹೊರಟ.

"ಮಿಕಿ, ಮನೆ ಜೋಪಾನ ಕಣೇ" ಎಂದು ತಲೆ ಸವರಿ ಹೋದ.

ಜೋಪಾನ ಅಂದರೆ ಏನು ಮಾಡಬೇಕು? ಮಿಕಿಗೆ ತಿಳಿಯಲಿಲ್ಲ. ಬಾಗಿಲ ಹತ್ತಿರ ಹೋದಳು, ಮೂಸಿದಳು. ಕೂಸಿನ ಹತ್ತಿರ ಬಂದಳು, ಮೂಸಿದಳು. ಮತ್ತೆ ಬಾಗಿಲು. ಮತ್ತೆ ಕೂಸು.

"ಒಂದು ಕಡೆ ಕೂರಬಾರದೇನೇ? ನಿನ್ನ ನೋಡಿದರೆ ನನಗೂ ದಿಗಿಲಾಗುತ್ತೆ" ಎಂದಳು ತಪೀಸಾ.

ಅಷ್ಟರಲ್ಲಿ ಉತ್ತರದ ಗಾಳಿ ಬಂತು.

"ಒಳಗೆ ಕೂಸಿದೆ, ಮೆಲ್ಲಗೆ ಹೋಗಪ್ಪಾ" ಎಂದು ಮಿಕಿ ಕೂಗಿದಳು.

"ಮೆಲ್ಲಗೆ ಹೋಗೋದು ನನಗಿನ್ನೂ ಬರಲ್ಲವಲ್ಲ!" ಎಂದಿತು ಗಾಳಿ.

ಮನೆಯ ನೆತ್ತಿಯಿಂದ ಹಿಮದ ಇಟ್ಟಿಗೆಯೊಂದು ಕಳಚಿ ದೀಪದ ಮೇಲೆ ಬಿತ್ತು. ದೀಪ ಆರಿತು. ಉಳಿದಿದ್ದ ಎಣ್ಣೆ ಚೆಲ್ಲಿತು. ಹಾಸಿ ಹೊದೆಯುವ ಚರ್ಮಗಳೆಲ್ಲ ಒದ್ದೆಯಾದವು.

ತಪೀಸಾ ತೂತಿಗೆ ಹಿಮ ಮೆತ್ತಿ, ಕೂಸನ್ನು ಎದೆಗೆ ಅವಚಿಕೊಂಡಳು. ಅವಳ ಅಂಗಿಯೂ ನೆನೆದಿತ್ತು. ಕೂಸು ಅತ್ತಿತು, ಅತ್ತಿತು. ಆಮೇಲೆ ಸುಮ್ಮನಾಯಿತು. ಅದು ಅಳುವಾಗ ಆದ ಹೆದರಿಕೆಗಿಂತ ಸುಮ್ಮನಾದಾಗ ಆದ ಹೆದರಿಕೆಯೇ ದೊಡ್ಡದು.

"ಅಳು ನೂಕಾ, ಅಳು ಕಂದಾ" ಎಂದು ತಪೀಸಾ ಅದರ ಕೆನ್ನೆ ತಟ್ಟಿದಳು.

ಮಿಕಿ ಕೂಸಿನ ಎಡಕ್ಕೆ ಮಲಗಿದಳು. ಬಲಗಡೆ ತಣ್ಣಗಾಯಿತು. ಬಲಕ್ಕೆ ಮಲಗಿದಳು. ಎಡಗಡೆ ತಣ್ಣಗಾಯಿತು. ಅಣ್ಣಂದಿರ ಮೈಯಾಗಿದ್ದರೆ ಕೂಸನ್ನು ಪೂರ್ತಿ ಮುಚ್ಚುತ್ತಿತ್ತು. ತನ್ನದು ಸಾಲದು.

"ತುಪ್ಪಳವೇ, ನನ್ನನ್ನು ಬಿಟ್ಟು ಕೂಸಿನ ಹತ್ತಿರ ಹೋಗು" ಎಂದಳು ಮಿಕಿ.

"ಆಗಲ್ಲ. ಬಿಡಬೇಡ ಅಂದಿದ್ದಾರೆ."

"ಕೂಸು ಅಳ್ತಾ ಇಲ್ಲ, ನೋಡು."

"ನೋಡಿದೆ. ನಾನು ಹೋದರೆ ನಿನ್ನ ಗತಿ?"

"ಅದನ್ನ ಆಮೇಲೆ ನೋಡೋಣ. ಹೋಗು."

ತುಪ್ಪಳ ಹೋಗಲಿಲ್ಲ. ಮಿಕಿ ಹಲ್ಲಿನಿಂದ ಕಚ್ಚಿ ಕಿತ್ತಳು. ಪಕ್ಕೆಯಲ್ಲಿ ರಕ್ತ ಒಸರಿತು.

"ಬೇಡ ಕಣೇ, ನೀನು ಸತ್ತುಹೋಗ್ತೀಯ!" ಎಂದು ತಪೀಸಾ ಅವಳ ಮೂತಿ ಹಿಡಿದಳು. ಮಿಕಿ ಬಿಡಿಸಿಕೊಂಡು ಮತ್ತೆ ಕಿತ್ತಳು.

ತುಪ್ಪಳಕ್ಕೆ ನೋಡಲಾಗಲಿಲ್ಲ. ಅದು ತನ್ನೊಳಗೇ ಗುಸುಗುಸು ಮಾತಾಡಿಕೊಂಡಿತು.

"ನಾವು ಇರುತ್ತೇವೆ, ಮೇಲೆ ಬೀಳುವ ಹಿಮವನ್ನಾದರೂ ತಡೆಯುತ್ತೇವೆ" ಎಂದವು ಉದ್ದನೆಯ ಒರಟು ಎಳೆಗಳು.

"ಹಾಗಾದರೆ ನಾವು ಹೋಗುತ್ತೇವೆ" ಎಂದವು ಒಳಗಿನ ಮೆತ್ತನೆಯ ಎಳೆಗಳು.

ಅಂದದ್ದೇ ತಡ, ಹಿಂಜಿದ ಅರಳೆಯ ಹಾಗೆ ಉಂಡೆಉಂಡೆಯಾಗಿ ಕಳಚಿ ಬಂದವು. ತಪೀಸಾ ಕೂಸನ್ನು ಅದರೊಳಗೆ ಹುದುಗಿಸಿದಳು, ಮೂಗೊಂದು ಕಾಣುವ ಹಾಗೆ. ಕಾದಳು. ಮಿಕಿಯೂ ಕಾದಳು. ಏನೂ ಆಗಲಿಲ್ಲ.

ತಪೀಸಾ ಬಗ್ಗಿ ಕೂಸಿನ ಮೂಗಿಗೆ ತನ್ನ ಕೆನ್ನೆ ಹಿಡಿದಳು. "ಉಸಿರಿದೆ. ಇದೆ ಅಲ್ವೇನೇ ಮಿಕಿ?"

ಮಿಕಿ ಕೂಸಿನ ಹಣೆ ನೆಕ್ಕಿದಳು. ಇನ್ನೂ ತಣ್ಣಗಿತ್ತು. ಮತ್ತೆ ನೆಕ್ಕಿದಳು. ಮತ್ತೆ ಕಾದರು.

ತುಪ್ಪಳದ ಒಂದು ಎಳೆ ಕೂಸಿನ ಮೂಗಿಗೆ ತಾಗಿತು. ಕೂಸು ಸೀನಿತು! ಆಮೇಲೆ ಮನೆಯೇ ಹಾರಿಹೋಗುವ ಹಾಗೆ ಅತ್ತಿತು. ತಪೀಸಾಳೂ ಅತ್ತಳು.

ಈಗ ಮಿಕಿ ನಡುಗುತ್ತಿದ್ದಳು. ತಪೀಸಾ ಮಡಿಲಿಗೆ ಎಳೆದುಕೊಂಡರೂ ನಡುಕ ನಿಲ್ಲಲಿಲ್ಲ. ಗಾಳಿ ದಣಿದು ಮಲಗಿತು. ದೂರದಲ್ಲಿ ನಾಯಿಗಳ ಸದ್ದು ಕೇಳಿಸಿತು. ಅಪ್ಪ ಎಣ್ಣೆ ತಂದು ದೀಪ ಹಚ್ಚಿದ. ಅವನ ಹಿಂದೆಯೇ, ದಾರಿ ತಪ್ಪಿ ಅಲೆದಾಡಿ ಬಂದ ಸೂರ್ಯನೂ ಬಾಗಿಲಲ್ಲಿ ಇಣುಕಿದ.

"ಈ ನಾಯಿಗೇನಾಯಿತು?" ಎಂದ.

"ಇಷ್ಟು ದಿನ ನೀನೆಲ್ಲಿದ್ದೆ?" ಎಂದು ತಪೀಸಾ ಸಿಟ್ಟಿನಿಂದ ಕೇಳಿದಳು.

ಸೂರ್ಯ ಒಳಗೆ ಬಂದು, ಮಿಕಿಯ ನಡುಕ ನಿಲ್ಲುವ ತನಕ ಅವಳ ಬೆನ್ನ ಮೇಲೆ ಕೂತ. ಆಮೇಲೆ ಮೆತ್ತನೆಯ ತುಪ್ಪಳಕ್ಕೆ ಹೇಳಿದ: "ನೀವು ಹೋಗಿದ್ದು ಸರಿಯೇ. ಆದರೆ ಇನ್ನುಮೇಲೆ ಬೇಸಿಗೆಗೆ ನಾನು ಬಂದ ಮೇಲೆ ಹೊರಡಿ, ಚಳಿಗಾಲಕ್ಕೆ ನಾನು ಹೋಗುವ ಮೊದಲು ಇವಳ ಮೈಗೆ ಮರಳಿ ಬನ್ನಿ. ನಡುವೆ ಇವಳನ್ನು ನಾನು ನೋಡಿಕೊಳ್ಳುತ್ತೇನೆ."

ಮಿಕಿಯ ಮಕ್ಕಳು, ಮೊಮ್ಮಕ್ಕಳು ಹಿಮದ ನಾಡು ಬಿಟ್ಟು ಎಷ್ಟೋ ಊರುಗಳ ಮನೆ ಸೇರಿದ್ದಾರೆ. ಅದಕ್ಕೇ, ಬಿಸಿಲು ಏರಿತೆಂದರೆ ಪುಟ್ಟ ಹಸ್ಕಿಯ ಮೆತ್ತನೆಯ ತುಪ್ಪಳ ಉಂಡೆಉಂಡೆಯಾಗಿ ಕಳಚಿ ಸೋಫಾದ ಕೆಳಗೆ, ಅಜ್ಜನ ಪಂಚೆಯ ಮೇಲೆ, ತೊಟ್ಟಿಲ ಸುತ್ತಮುತ್ತ ಓಡಾಡುತ್ತದೆ, ಮನೆಯಲ್ಲಿ ಯಾರಿಗಾದರೂ ಚಳಿಯಾಗುತ್ತಿದೆಯಾ ಎಂದು ಹುಡುಕುತ್ತಾ.