ಎತ್ತೇಳದ ಬಂಡೆ

ನಮ್ಮ ಮಾರಗೊಂಡನಪಾಳ್ಯದಲ್ಲಿ ಬಸ್ಸಿಳಿದು ಕೆರೆ ಏರಿ ಮೇಲೆ ನಡ್ಕೊಂಡು ಬಂದ್ರೆ, ಏರಿ ಮುಗಿಯೋ ಹತ್ರ ಎಡಕ್ಕೆ ಒಂದು ಹಾಸುಬಂಡೆ ಸಿಗ್ತದೆ. ಅರ್ಧ ಊರಿನ ರಾಗಿ ಒಂದೇ ಸಲ ಒಣಗಾಕಬಹುದು, ಅಷ್ಟು ಅಗಲ. ನಡುವೆ ಒಂದು ತಗ್ಗು ಐತೆ, ಎತ್ತು ಕಾಲು ಮಡಚಿ ಮಲಗಿದ್ರೆ ಹೊಟ್ಟೆ ಕೂರೋ ಹಂಗೆ. ಆ ತಗ್ಗಲ್ಲಿ ಯಾವಾಗ ನೋಡಿದ್ರೂ ಒಂದು ಹಿಡಿ ಹುರುಳಿ, ಅದನ್ನ ಹೆಕ್ಕೋಕೆ ಒಂದು ಹಿಂಡು ಗುಬ್ಬಿ. ಇದಕ್ಕೆ ಎತ್ತೇಳದ ಬಂಡೆ ಅಂತ ಹೆಸರು. ಎತ್ತು ಮಲಗಿದ್ದಕ್ಕೇ ಕಲ್ಲು ತಗ್ಗಾಯ್ತು ಅಂತಾರೆ. ಒಂದು ಹೊತ್ತು ಎತ್ತು ಮಲಗಿದ್ದಕ್ಕೆ ಕಲ್ಲು ತಗ್ಗಾಗೋದಾದ್ರೆ, ಬಂಡೆ ಮನೆ ಜವರೇಗೌಡ ಮಲಗೋ ಜಗಲಿ ಇಷ್ಟೊತ್ತಿಗೆ ಬಾವಿ ಆಗ್ಬೇಕಾಗಿತ್ತು. ತಗ್ಗಿನ ಮಾತು ಬಿಡಿ, ಹೆಸರಿನ ಕತೆ ಮಾತ್ರ ಸುಳ್ಳಲ್ಲ. ಆ ಬಂಡೆ ಮನೆಗೂ ನಮ್ಮ ಮನೆಗೂ ನಡುವೆ ಇರೋದು ಒಂದು ಕಳ್ಳಿ ಬೇಲಿ. ನನಗೆ ನಮ್ಮತ್ತೆ ಹೇಳಿದ್ದು, ಅವರಿಗೆ ಅವರತ್ತೆ ಹೇಳಿದ್ದು, ಹಂಗೇ ಮೇಲಕ್ಕೆ ಹೋದ್ರೆ ಬೇಲಿ ಮೇಲಿಂದ ಕಣ್ಣಾರೆ ನೋಡಿದ ನಮ್ಮನೆ ಕಾಳಮ್ಮಜ್ಜಿವರೆಗೂ ಹೋಗ್ತದೆ.

ಹಿಂದೆ ಒಮ್ಮೆ, ಈ ಊರು ಊರಾಗೋಕೆ ಮುಂಚೆ, ಮಾರಗೊಂಡ ಅನ್ನೋ ಒಕ್ಕಲು ಒಂದು ನೇಗಿಲು ಹೊತ್ಕೊಂಡು ಬಂದು ಈ ಬಂಡೆ ಪಕ್ಕ ಗುಡಿಸಲು ಹಾಕಿದನಂತೆ. ದೇವರು ಕನಸಲ್ಲಿ ಬಂದು ಇಲ್ಲಿ ಉಳು ಅಂದಿತ್ತು ಅಂತ ಬಂಡೆ ಮನೆಯೋರು ಹೇಳ್ತಾರೆ. ಅತ್ತೆ ಮನೇಲಿ ಜಗಳ ಆಡ್ಕೊಂಡು ಬಂದಿದ್ದ ಅಂತ ಊರೋರು ಹೇಳ್ತಾರೆ. ಅವನ ಮಗ ಹಲಗೇಗೌಡ, ಕೆರೆ ಏರಿಗೆ ಮಣ್ಣು ಹೊತ್ತೋನು. ಹಲಗೇಗೌಡನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡೋನು ಬೊಮ್ಮೇಗೌಡ, ಅವನ ಪಾಲಿಗೆ ಬಂಡೆ, ಬಂಡೆ ಪಕ್ಕದ ಮನೆ, ಕೆರೆ ಕೆಳಗಿನ ಗದ್ದೆ ಬಂತು. ಚಿಕ್ಕೋನಿಗೆ ದಿಬ್ಬದ ಮೇಲಿನ ಹೊಲ. ಬೊಮ್ಮೇಗೌಡನಿಗೆ ಗಂಡುಮಕ್ಕಳಿಲ್ಲ, ಅಂಕಮ್ಮ ಅಂತ ಒಬ್ಬಳೇ ಮಗಳು. ಅವಳಿಗೆ ಮೋಟೇಗೌಡ ಅನ್ನೋನ್ನ ತಂದು ಮನೆ ಅಳಿಯ ಮಾಡ್ಕೊಂಡ್ರು. ಒಳ್ಳೆ ಮನುಷ್ಯ, ಆದ್ರೆ ಅವನು ಬಾಯಿ ತೆರೀತಿದ್ದದ್ದು ಮುದ್ದೆ ನುಂಗೋಕೆ ಮಾತ್ರ. ಮನೆ ಮಾತೆಲ್ಲ ಅಂಕಮ್ಮನದ್ದೇ, ಉಳೋದು ಬಿತ್ತೋದರ ಯೋಚನೆನೂ ಅವಳದ್ದೇ. ಬೊಮ್ಮೇಗೌಡ ತೀರ್ಕೊಂಡ ವರ್ಷ ಅವಳ ಸೊಂಟದಲ್ಲಿ ಮಾಯಮ್ಮ ಅನ್ನೋ ಹೆಣ್ಣುಕೂಸು.

ದಿಬ್ಬದ ಮನೆಯೋನು, ಅಂದ್ರೆ ಬೊಮ್ಮೇಗೌಡನ ತಮ್ಮನ ಮಗ ಕೆಂಚೇಗೌಡ, ದೊಡ್ಡಪ್ಪನ ತಿಥಿ ಊಟ ಮಾಡಿ ಕೈ ತೊಳೀತಾನೇ ಗದ್ದೆ ಕಡೆ ಕಣ್ಣು ಹಾಕಿದ. ಆಗ ಈ ಸೀಮೇಲಿ ಕೋರ್ಟು ಗೀರ್ಟು ಇಲ್ಲ. ಯಾರ ವಂಶ ಯಾರದ್ದು, ಯಾವ ಬೇರು ಎಲ್ಲಿವರೆಗೆ ಅನ್ನೋದನ್ನ ಹೇಳ್ಬೇಕಾದೋರು ಹೆಳವರು. ಒಕ್ಕಲು ಮನೆಗಳ ತಲೆಮಾರೆಲ್ಲ ಬಾಯಲ್ಲಿ ಇಟ್ಕೊಂಡಿರೋರು ಅವರು. ಸುಗ್ಗೀಲಿ ಎತ್ತಿನ ಮೇಲೆ ಕೂತು, ಗಂಟೆ ಆಡಿಸ್ಕೊಂಡು ಕಣಕ್ಕೆ ಬಂದು, ರಾಶಿ ಮುಂದೆ ಆ ಮನೆ ವಂಶ ಹೇಳಿ, ಮೊರದ ತುಂಬ ರಾಗಿ ಇಸ್ಕೊಂಡು ಹೋಗೋರು. ಹೇಳಿದ ಮೇಲೆ ಎತ್ತನ್ನ ರಾಶಿ ಸುತ್ತ ಒಂದು ಸುತ್ತು ಬರಿಸಬೇಕು. ಆ ಸುತ್ತು ಮುಗಿದ್ರೆ ಹೇಳಿದ ಮಾತು ನಿಂತ ಹಾಗೆ, ಊರೇ ತಿರುಗಿಬಿದ್ರೂ ಬದಲಾಗಲ್ಲ. ಬಾಯಿ ತೆರೆದಾಗಿನಿಂದ ಸುತ್ತು ಮುಗಿಯೋವರೆಗೂ ಅವರು ಎತ್ತಿನಿಂದ ಇಳಿಯೋ ಹಾಗಿಲ್ಲ, ಕಾಲು ನೆಲಕ್ಕೆ ತಾಗೋ ಹಾಗಿಲ್ಲ. ಕೆಂಚೇಗೌಡ ಏನು ಮಾಡಿದ ಅಂದ್ರೆ, ಈ ಕಡೆ ಬರ್ತಿದ್ದ ಹೆಳವರ ಗವಿಯಪ್ಪನ್ನ ದಾರೀಲೇ ಹಿಡಿದು, ಹೊಸ ಕಂಬಳಿ ಹೊದಿಸಿ, ಬೊಮ್ಮೇಗೌಡನ ವಂಶ ಮುಗೀತು ಅಂತ ಹೇಳೋಕೆ ಒಪ್ಪಿಸಿದ. ಗವಿಯಪ್ಪನೇನು ಕೆಟ್ಟೋನಲ್ಲ. ಗಂಡಿಲ್ಲದ ಮನೇನ ಮುಗಿದ ಮನೆ ಅನ್ನೋದು ಅವರಪ್ಪ ತಾತನಿಂದ ಬಂದ ಪದ್ಧತಿ. ಕಂಬಳಿ ಬೆಚ್ಚಗಿತ್ತು, ಅಷ್ಟೇ. ಆದ್ರೆ ಆ ಮಾತು ನಿಂತ್ರೆ ಅಂಕಮ್ಮ ಗದ್ದೆ ಬಂಡೆ ಎಲ್ಲ ದಿಬ್ಬದ ಮನೆಗೆ ಬಿಟ್ಟು, ಕೂಸು ಕಟ್ಕೊಂಡು ಗಂಡನ ಊರಿಗೆ ಹೋಗ್ಬೇಕು. ಗಂಡನ ಊರಲ್ಲಿ ಇದ್ದಿದ್ದು ಒಂದು ಹುಣಸೆ ಮರ. ಅದೂ ಮೂರು ಜನ ಅಣ್ಣತಮ್ಮಂದಿರ ಪಾಲಿಂದು.

ಗವಿಯಪ್ಪ ಬರೋಕೆ ಮುಂಚೇನೇ ಕಂಬಳಿ ಸುದ್ದಿ ಊರಿಗೆ ಬಂದಿತ್ತು. ಅವನು ಬಂದು ಊರಾಚೆ ತೋಪಲ್ಲಿ ಇಳ್ಕೊಂಡ ಸಂಜೆ ಅಂಕಮ್ಮ ನಮ್ಮ ಬೇಲಿ ಹತ್ರ ಬಂದ್ಲಂತೆ. "ಕಾಳಕ್ಕ, ನಿಮ್ಮ ದೊಡ್ಡ ಹಂಡೆ ಕೊಡೇ, ಒಂದಿಷ್ಟು ಹುರುಳಿ ಬೇಯಿಸ್ಬೇಕು" ಅಂದ್ಲು. "ಇರೋರು ಮೂರು ಜನ, ಹಂಡೆ ಹುರುಳಿ ಯಾರಿಗೇ? ನಿನ್ನ ಗಂಡನ್ನ ಗಾಡಿಗೆ ಕಟ್ತೀಯಾ?" ಅಂದ್ರು ಕಾಳಮ್ಮಜ್ಜಿ. "ಬೀಗರು ಬಂದವ್ರೆ ಕಣಕ್ಕ, ನಾಲ್ಕು ಕಾಲಿನೋರು" ಅಂದ್ಲು ಅಂಕಮ್ಮ. ಕಾಳಮ್ಮಜ್ಜಿಗೆ ತಕ್ಷಣ ಗೊತ್ತಾಯ್ತು. ನಗು ತಡೀಲಾರದೆ ಹಂಡೆ ಅವರೇ ಬೇಲಿ ಮೇಲಿಂದ ದಾಟಿಸಿ ಕೊಟ್ರು. ಬೆಳಕು ಹರಿಯೋ ಹೊತ್ತಿಗೆ ಅಂಕಮ್ಮ ತೋಪಿಗೆ ಹೋದ್ಲು. ಗವಿಯಪ್ಪ ಕೆರೆ ಕಡೆ ಹೋಗಿದ್ದ. ಬೆಂದ ಹುರುಳಿನ ಬುಟ್ಟೀಲಿಟ್ಟು, ಹೊಟ್ಟೆ ಉಬ್ಬರಿಸದ ಹಂಗೆ ಅಳತೆ ನೋಡಿ ನೋಡಿ, ಎತ್ತಿನ ಕತ್ತಿನ ಕೆಳಗಿನ ಗಂಗೆದೊಗಲು ನೀವಿ ನೀವಿ ತಿನ್ನಿಸಿದ್ಲು. ದಾರಿ ಹುಲ್ಲು ತಿಂದು ಸಾಕಾಗಿದ್ದ ಎತ್ತಿಗೆ ಅವತ್ತು ಹಬ್ಬ.

ಹೊತ್ತೇರಿದ ಮೇಲೆ ಊರೆಲ್ಲ ಬಂಡೆ ಸುತ್ತ ಸೇರ್ತು. ಆ ಬಂಡೆನೇ ಅಂಕಮ್ಮನ ಮನೆ ಕಣ, ನಡುವೆ ರಾಗಿ ರಾಶಿ. ಎತ್ತು ತೇಗ್ತಾ ತೇಗ್ತಾ ಬಂತು. ಗವಿಯಪ್ಪ ಗಂಟೆ ಆಡಿಸಿ ರಾಗವಾಗಿ ಎತ್ಕೊಂಡ. ನೇಗಿಲು ತಂದ ಮಾರಗೊಂಡ, ಮಾರಗೊಂಡನ ಮಗ ಮಣ್ಣು ಹೊತ್ತ ಹಲಗೇಗೌಡ, ಹಲಗೇಗೌಡನ ಹಿರಿಮಗ ಬೊಮ್ಮೇಗೌಡ, ಅಲ್ಲಿಗೆ ಈ ಬಳ್ಳಿ ಮುಗೀತು, ಬಳ್ಳಿ ಆಸ್ತಿ ದಾಯಾದಿಗೆ ಸೇರ್ತು ಅಂದ. ಅಂದು, ರಾಶಿ ಸುತ್ತು ಬರಿಸೋಕೆ ಹಗ್ಗ ಜಗ್ಗಿದ. ಎತ್ತು ನಾಲ್ಕು ಹೆಜ್ಜೆ ಇಟ್ಟು, ಕಾಯ್ದ ಬಂಡೆ ಹಿತ ಅನ್ನಿಸ್ತೋ ಏನೋ, ಮುಂಗಾಲು ಮಡಚಿ, ಹಿಂಗಾಲು ಮಡಚಿ, ಮಲಗೇಬಿಡ್ತು. ಮಲಗಿ ಮೆಲುಕು ಹಾಕೋಕೆ ಶುರು ಮಾಡ್ತು. ಗವಿಯಪ್ಪನ ಗತಿ ನೋಡ್ಬೇಕಿತ್ತು ಅಂತಾರೆ. ಎತ್ತು ಮಲಗಿದ್ರೆ ಮೇಲೆ ಕೂತೋನ ಕಾಲು ನೆಲಕ್ಕೆ ತಾಗ್ತದಲ್ಲ! ಎರಡೂ ಕಾಲು ಮೇಲಕ್ಕೆಳ್ಕೊಂಡು, ಮಂಡಿ ಗದ್ದಕ್ಕೆ ಅಂಟಿಸ್ಕೊಂಡು, ಒಂದು ಕೈಲಿ ಎತ್ತಿನ ಹೆಗಲ ಮೇಲಿನ ಇಣಿ ಹಿಡ್ಕೊಂಡು, ಕಂಬಳಿ ಒಳಗೆ ಬೆವರ್ತಾ ಮೂಟೆ ಹಂಗೆ ಕೂತ.

ಕೆಂಚೇಗೌಡ ಬಾಲ ತಿರುಚಿದ, ಹೋ ಅಂದ, ಹೆಂಡ್ತಿ ಕೈಲಿ ಹುಲ್ಲು ತರಿಸಿ ಎತ್ತಿಗೆ ತೋರಿಸ್ದ. ಹೊಟ್ಟೆ ತುಂಬಿದ ಎತ್ತಿಗೆ ಹುಲ್ಲು ಯಾಕೆ? ಅಂಕಮ್ಮ ಕೂಸನ್ನ ಸೊಂಟಕ್ಕೇರಿಸ್ಕೊಂಡು ಎದುರು ಬಂದು ನಿಂತ್ಲು. "ಹೆಳವಯ್ಯ, ನಿನ್ನ ಎತ್ತೇ ನಿನ್ನ ಮಾತು ಒಪ್ಪಲಿಲ್ವಲ್ಲೋ" ಅಂದ್ಲು. ಜನ ಘೊಳ್ ಅಂತು. "ಪದ್ಧತಿ ತಾಯಿ, ನಾನೇನು ಮಾಡ್ಲಿ, ಹೆಣ್ಣು ಹೊರಗಿನ ಬಳ್ಳಿ" ಅಂದ ಗವಿಯಪ್ಪ, ಜಾರ್ತಿದ್ದ ಕಾಲು ಮೇಲಕ್ಕೆಳ್ಕೊಳ್ತಾ. "ಹೌದಾ? ಹೋದ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದಾಗ ಈ ಕಣದಲ್ಲಿ ರಾಶಿ ಮಾಡಿದ್ಯಾರು? ನಿನ್ನ ಮೊರಕ್ಕೆ ರಾಗಿ ಸುರಿದಿದ್ಯಾರು? ನಾನು. ಅವಾಗ ಈ ಕಾಳು ಗಂಡೋ ಹೆಣ್ಣೋ ಅಂತ ಕೇಳಿದ್ಯಾ? ವಂಶ ಮುಗೀತು ಅಂದ್ಯಲ್ಲ, ಸರಿ. ಮುಗಿದ ಮನೆ ರಾಗಿ ಹೆಳವರು ಮುಟ್ಟಬಾರದು, ಅದೂ ನಿನ್ನ ಪದ್ಧತೀನೇ. ಮೊರ ಖಾಲಿ ತಗೊಂಡು ಹೋಗು. ಎತ್ತು ಎದ್ರೆ" ಅಂದ್ಲು. ಬಿಸಿಲು ನೆತ್ತಿಗೆ ಬಂತು. ಕಣದ ಮೂಲೇಲಿ ಅವರೆಕಾಳು ಸಾರು ಕುದಿಯೋ ವಾಸನೆ. ಅದನ್ನ ಗಾಳಿ ಬರೋ ಕಡೇನೇ ಒಲೆ ಹೂಡಿ ಇಟ್ಟಿದ್ದೂ ಅವಳೇ. ಯಾವತ್ತೂ ಮಾತಾಡದ ಮೋಟೇಗೌಡ ಅವತ್ತು ಬಾಯಿ ತೆರೆದ. "ಮುದ್ದೆ ಆರ್ತದೆ, ಹೆಳವಯ್ಯ" ಅಂದ. ಅವನು ನಾಲ್ಕು ಜನರ ಮುಂದೆ ಆಡಿದ್ದು ಅದೊಂದೇ ಮಾತು ಅಂತಾರೆ, ಆಡಿದ್ದು ಸರಿಯಾದ ಹೊತ್ತಲ್ಲಿ.

ಗವಿಯಪ್ಪ ಕೆಂಚೇಗೌಡನ ಮುಖ ನೋಡಿದ, ರಾಶಿ ನೋಡಿದ, ಬೆವರು ಒರೆಸ್ಕೊಂಡ. ಕಂಬಳಿ ತೆಗೆದು ಕೆಂಚೇಗೌಡನ ಹೆಗಲಿಗೆ ಎಸೆದ. "ಎತ್ತು ಎದ್ದು ಸುತ್ತು ಬರೋವರೆಗೂ ಮಾತು ನನ್ನ ಬಾಯಲ್ಲೇ ಐತೆ, ತಿದ್ದಿ ಹೇಳ್ತೀನಿ" ಅಂತ ಗಂಟೆ ಎತ್ತಿ ಮೊದಲಿಂದ ಶುರು ಮಾಡಿದ. ಮಾರಗೊಂಡನ ಮಗ ಹಲಗೇಗೌಡ, ಹಲಗೇಗೌಡನ ಹಿರಿಮಗ ಬೊಮ್ಮೇಗೌಡ, ಬೊಮ್ಮೇಗೌಡನ ಮಗಳು ಅಂಕಮ್ಮ, ಅಂಕಮ್ಮನ ಮಗಳು ಮಾಯಮ್ಮ, ಬಳ್ಳಿ ಹಬ್ತಾ ಐತೆ. ಹೆಳವರ ಬಾಯಲ್ಲಿ ಈ ಸೀಮೇಲಿ ಹೆಣ್ಣಿನ ಹೆಸರು ಬಂದಿದ್ದು ಅದೇ ಮೊದಲು. ಅಷ್ಟಂದಿದ್ದೇ ತಡ, ಎತ್ತು ಎದ್ದು ರಾಶಿ ಸುತ್ತ ಗಂಭೀರವಾಗಿ ಒಂದು ಸುತ್ತು ಬಂತು. ಬಸವಣ್ಣನೇ ಎದ್ದು ನ್ಯಾಯ ಹೇಳಿದ ಅಂತ ಇವತ್ತಿಗೂ ಕೈ ಮುಗೀತಾರೆ. ಅಂಕಮ್ಮ ಸೆರಗಿನ ಮರೇಲಿ ಹುರುಳಿ ಬುಟ್ಟಿ ಅಲ್ಲಾಡಿಸ್ಕೊಂಡು ರಾಶಿ ಸುತ್ತ ಮುಂದೆ ಮುಂದೆ ಹೋಗ್ತಿದ್ದಿದ್ದು ಬೇಲಿ ಈ ಕಡೆ ನಿಂತಿದ್ದೋರಿಗೆ ಮಾತ್ರ ಕಾಣಿಸಿದ್ದು.

ಈಗ ಬಂಡೆ ಮನೇಲಿರೋದು ಆ ಮಾಯಮ್ಮನ ಮೊಮ್ಮಗ ಜವರೇಗೌಡ. ಗವಿಯಪ್ಪನ ಕಡೆಯೋರು ಇವತ್ತಿಗೂ ಸುಗ್ಗೀಲಿ ಬರ್ತಾರೆ, ಎತ್ತಿಲ್ಲ, ಮೊಪೆಡ್ಡು. ಬಂಡೆ ಮೇಲೆ ಸ್ಟ್ಯಾಂಡು ಹಾಕಿ, ಎರಡೂ ಕಾಲು ಮೇಲಿಟ್ಕೊಂಡು ಹೇಳ್ತಾರೆ. ಅಂಕಮ್ಮನ ಹೆಸರು ಬಂದಾಗ ಗಂಟೆ ಎರಡು ಸಲ. ಹೋದ ಸುಗ್ಗೀಲಿ ಜವರೇಗೌಡನ ಮೊಮ್ಮಗಳ ಹೆಸರೂ ಸೇರಿಸಿದ್ರು, ಆ ಕೂಸು ಮೊಪೆಡ್ಡಿನ ಹಾರ್ನ್ ಒತ್ತಿ ಹಿಡಿದು ಬಿಡಲೇ ಇಲ್ಲ. ನೋಡೋಕೆ ಬಂದೋರೆಲ್ಲ ತಗ್ಗಿಗೆ ಹುರುಳಿ ಹಾಕಿ, ಫೋಟೋ ಹಿಡ್ಕೊಂಡು ಹೋಗ್ತಾರೆ. ಅಲ್ಲೇ ಬಂಡೆ ಮನೆಯೋರ ಬಚ್ಚಲೊಲೆ ಮೇಲೆ, ಕಂಠ ನೆಗ್ಗಿದ ಒಂದು ತಾಮ್ರದ ಹಂಡೆ ಕೂತಿರ್ತದೆ, ಅದನ್ನ ಯಾರೂ ನೋಡಲ್ಲ. ಅದು ನಮ್ಮದು. ವಾಪಸ್ ಬಂದೇ ಇಲ್ಲ. ಒಂದು ಸಲ ಇಸ್ಕೊಂಡು ಬರೋಣ ಅಂತ ಹೊರಟಿದ್ದೆ, ನಮ್ಮತ್ತೆ ತಡೆದ್ರು. "ಇರ್ಲಿ ಬಿಡೇ. ಅವರ ವಂಶದಲ್ಲಿ ನಮ್ಮ ಹೆಸರು ಹೇಳೋರಿಲ್ಲ. ಹಂಡೆನಾದ್ರೂ ಕೂತಿರ್ಲಿ" ಅಂದ್ರು. ಹಂಗಾಗಿ ಕೂತೈತೆ. ನೀವು ಬಂದ್ರೆ ತಗ್ಗಿಗೆ ಹುರುಳಿ ಹಾಕಿ, ಹಂಡೆನೂ ಒಂದು ಸಲ ನೋಡ್ಕೊಂಡು ಹೋಗಿ.